ಪಂಪ್‌ಸೆಟ್ ಕಪ್ಪು ಹೊಗೆ: ನಾಜಲ್‌ನಿಂದ ಹೊರಬಿದ್ದ ಡೀಸೆಲ್ ಗಾಳಿ ಜೊತೆ ಬೆರೆಯುವುದು ಎಲ್ಲಿ, ಹೇಗೆ?

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಕಾಫಿ ಹೂವಿಗೆ ನೀರು ಹೊಡೆಯುವ ಕೆಲಸ ಶುರುವಾಗಿದೆ. ಕೆರೆ ಪಕ್ಕ ಎರಡು ಸಿಲಿಂಡರ್‌ನ ಡೀಸೆಲ್ ಪಂಪ್‌ಸೆಟ್ ಇದೆ. ಡೈರೆಕ್ಟ್ ಇಂಜೆಕ್ಷನ್ (ಡೀಸೆಲ್ ಸೀದಾ ಪಿಸ್ಟನ್ ಮೇಲಕ್ಕೆ ಬೀಳುವಂಥದ್ದು), ಡೀಸೆಲ್ ಒತ್ತಿ ಕಳಿಸುವುದು ಹಳೇ ಮೆಕ್ಯಾನಿಕಲ್ ಪಂಪ್, ಟರ್ಬೊ ಇಲ್ಲ. ನೀರು ಹಾರಿಸುವ ಸ್ಪ್ರಿಂಕ್ಲರ್ ಜೆಟ್ ಅರ್ಧ ತೆರೆದಾಗ ಪರವಾಗಿಲ್ಲ. ಎಲ್ಲಾ ಜೆಟ್ ತೆರೆದು ಲೋಡ್ ಬಿದ್ದ ಕೂಡಲೇ ಕಪ್ಪು ಹೊಗೆ. ಸೈಲೆನ್ಸರ್ ಎದುರಿಗಿದ್ದ ಸಿಲ್ವರ್ ಮರದ ಬೊಡ್ಡೆ ಮಸಿ ಹಿಡಿದು ಹೋಗಿದೆ.

ಹೋದ ತಿಂಗಳು ಎರಡು ಸಿಲಿಂಡರ್‌ಗೂ ಹೊಸ ನಾಜಲ್ (ಡೀಸೆಲ್ ಸ್ಪ್ರೇ ಮಾಡುವ ಇಂಜೆಕ್ಟರ್‌ನ ತುದಿ) ಹಾಕಿಸಿದ್ದೆ. ಹೊಗೆ ಜಾಸ್ತಿಯಾಗಿದ್ದು ಅದಾದ ಮೇಲೆಯೇ. ಹಾಕಿದವರು "ಡೀಸೆಲ್ ಪಂಪ್ ಸ್ವಲ್ಪ ಕಡಿಮೆ ಮಾಡಿ" ಎನ್ನುತ್ತಾರೆ. ಪಕ್ಕದ ತೋಟದವರು "ನಾಜಲ್ ಪ್ರೆಷರ್ ಏರಿಸಿ, ನುಣ್ಣಗೆ ಸ್ಪ್ರೇ ಆಗುತ್ತದೆ" ಎನ್ನುತ್ತಾರೆ. ಒಬ್ಬರು ಡೀಸೆಲ್ ಜಾಸ್ತಿ ಅಂತಾರೆ, ಇನ್ನೊಬ್ಬರು ಸ್ಪ್ರೇ ಸರಿ ಇಲ್ಲ ಅಂತಾರೆ. ಒಳಗೆ ನಿಜವಾಗಿ ಏನಾಗುತ್ತದೆ ಎಂದು ಗೊತ್ತಾದರೆ ಯಾರ ಮಾತು ಕೇಳಬೇಕು ಅಂತ ತಿಳಿಯುತ್ತದೆ. ಗೊತ್ತಿರುವವರು ಬಿಡಿಸಿ ಹೇಳಿ.

ಸುಮ್ನೆ ಓದುಗ

ಇದಕ್ಕೆ ಇಷ್ಟು ಯೋಚನೆ ಯಾಕೆ ಸರ್? ಪಂಪ್ ಕಡಿಮೆ ಮಾಡಿದರೆ ಹೊಗೆ ಹೋಗುತ್ತದೆ. ಎಲ್ಲರೂ ಮಾಡುವುದು ಅದನ್ನೇ.

ನಾಜಲ್ ಬೆಂಚ್, ಹಾಸನ

ಹೊಗೆ ಹೋಗುತ್ತದೆ, ಜೊತೆಗೆ ಪವರ್ರೂ ಹೋಗುತ್ತದೆ. ಆರ್‌ಪಿಎಂ ಬಿದ್ದರೆ ಜೆಟ್ ಅರ್ಧ ದೂರಕ್ಕೆ ನೀರು ಹಾರಿಸುತ್ತದೆ. ತೋಟದಮನೆ ಗೌಡ್ರೇ, ದಯವಿಟ್ಟು ಪಂಪ್ ಮುಟ್ಟಬೇಡಿ. ಹೊಸ ನಾಜಲ್ ಹಾಕಿದ ಮೇಲೆ ಹೊಗೆ ಬಂದಿದೆ ಎಂದರೆ ಹುಡುಕಬೇಕಾದ್ದು ನಾಜಲ್ ಹತ್ತಿರ, ಪಂಪ್ ಹತ್ತಿರ ಅಲ್ಲ. ನಾನು ಇಂಜೆಕ್ಟರ್ ಮತ್ತು ಎಫ್‌ಐಪಿ (ಡೀಸೆಲ್ ಒತ್ತುವ ಪಂಪ್) ಕೆಲಸ ಮಾಡುವವನು. ನನ್ನ ಬೆಂಚಿಗೆ ಬರುವ ಕಪ್ಪು ಹೊಗೆ ಕೇಸುಗಳಲ್ಲಿ ಜಾಸ್ತಿ ಪಾಲು ಡೀಸೆಲ್ ಹೆಚ್ಚಾಗಿದ್ದಲ್ಲ, ಡೀಸೆಲ್‌ಗೆ ಗಾಳಿ ಸಿಗದೆ ಹೋಗಿದ್ದು.

ಮೊದಲು ಎರಡು ವಿಷಯ ಹೇಳಿ. ಏರ್ ಫಿಲ್ಟರ್ ಹೇಗಿದೆ? ಹೊಗೆ ಎರಡೂ ಸಿಲಿಂಡರ್‌ದೋ ಒಂದರದ್ದೋ?

ತೋಟದಮನೆ, ಮೂಡಿಗೆರೆ

ಫಿಲ್ಟರ್ ಆಯಿಲ್ ಬಾತ್ ಥರದ್ದು. ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದ್ದೇವೆ, ವ್ಯತ್ಯಾಸ ಆಗಲಿಲ್ಲ. ಯಾವ ಸಿಲಿಂಡರ್ ಎಂದು ನೋಡುವುದು ಹೇಗೆ?

ನಾಜಲ್ ಬೆಂಚ್, ಹಾಸನ

ಲೋಡ್ ಮೇಲೆ ಓಡುತ್ತಿರುವಾಗ ಒಂದು ಇಂಜೆಕ್ಟರ್‌ನ ಪೈಪ್ ಯೂನಿಯನ್ ನಟ್ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರ್‌ಗೆ ಡೀಸೆಲ್ ನಿಲ್ಲುತ್ತದೆ. ಹೊಗೆ ತಟ್ಟನೆ ಕಡಿಮೆಯಾದರೆ ಕಳ್ಳ ಅವನೇ. ಬಿಗಿ ಮಾಡಿ ಇನ್ನೊಂದು ನೋಡಿ. ನಟ್ ಸುತ್ತ ಒಂದು ದಪ್ಪ ಬಟ್ಟೆ ಇರಲಿ, ಕೈ ಮುಖ ದೂರ ಇರಲಿ.

ಈ ಕೆಲಸ ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹೋಗುವ ಈಗಿನ ಗಾಡಿ) ಯಾರೂ ಇದನ್ನು ಮಾಡಬೇಡಿ. ಅಲ್ಲಿ ಪೈಪಿನಲ್ಲಿ 1,500 ಬಾರ್, 2,000 ಬಾರ್ ನಿಂತಿರುತ್ತದೆ. ಬೆಂಚಿನ ಮೇಲೆ 200 ಬಾರ್‌ನಲ್ಲಿ ಬರುವ ಸ್ಪ್ರೇಯೇ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಯಾರಿಗಾದರೂ ಹಾಗಾದರೆ ನೋವಿಲ್ಲ ಎಂದು ಕೂರದೆ ಸೀದಾ ಆಸ್ಪತ್ರೆಗೆ ಹೋಗಬೇಕು.

ಹಾಸನ ಮೆಕ್ಯಾನಿಕಲ್

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಐಸಿ ಇಂಜಿನ್ ಪಾಠ ಮಾಡುತ್ತೇನೆ. ಗೌಡರು ಕೇಳಿದ ಪ್ರಶ್ನೆ ಒಳ್ಳೆಯದು. ಬೆರೆಯುವ ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಇಂಜಿನ್ 20 ಎಚ್‌ಪಿ, 1,500 ಆರ್‌ಪಿಎಂ ಎಂದು ಇಟ್ಟುಕೊಳ್ಳೋಣ. ಪೂರ್ತಿ ಲೋಡಿನಲ್ಲಿ ಒಂದು ಸಿಲಿಂಡರ್‌ಗೆ ಒಂದು ಹೊಡೆತಕ್ಕೆ ಹೋಗುವುದು ಸುಮಾರು 50 ಘನ ಮಿಲಿಮೀಟರ್ ಡೀಸೆಲ್, ಅಂದರೆ 0.05 ಮಿಲಿ. ಅಷ್ಟೇ. ಅದು ಒಂದೇ ಹನಿಯಾಗಿ ಬಿದ್ದರೆ ಅದರ ಮೈ 65 ಚದರ ಮಿಲಿಮೀಟರ್ ಆಸುಪಾಸು. ಅದನ್ನೇ 20 ಮೈಕ್ರಾನ್ ಹನಿಗಳಾಗಿ ಒಡೆದರೆ ಒಂದು ಕೋಟಿಗೂ ಜಾಸ್ತಿ ಹನಿ ಆಗುತ್ತವೆ. ಮೈ ಸುಮಾರು 15,000 ಚದರ ಮಿಲಿಮೀಟರ್ ಆಗುತ್ತದೆ. ಇನ್ನೂರು ಪಟ್ಟಿಗೂ ಹೆಚ್ಚು. ಬಿಸಿ ಗಾಳಿ ತಾಗಲು ಅಷ್ಟು ಜಾಗ ಸಿಕ್ಕಿತು.

ಇದಕ್ಕೆಲ್ಲಾ ಇರುವ ಸಮಯ? 1,500 ಆರ್‌ಪಿಎಂನಲ್ಲಿ ಕ್ರ್ಯಾಂಕ್ 20 ಡಿಗ್ರಿ ತಿರುಗಲು ಬೇಕಾಗುವುದು 2.2 ಮಿಲಿಸೆಕೆಂಡ್. ಡೀಸೆಲ್ ಒಳಗೆ ಬಂದು, ಒಡೆದು, ಆವಿಯಾಗಿ, ಗಾಳಿ ಹುಡುಕಿಕೊಂಡು, ಹೊತ್ತಿಕೊಳ್ಳುವುದೆಲ್ಲ ಆ ಹೊತ್ತಿನಲ್ಲಿ ನಡೆಯಬೇಕು. ಪೆಟ್ರೋಲ್ ಗಾಡಿಯಲ್ಲಿ ಗಾಳಿ-ಪೆಟ್ರೋಲ್ ಬೆರೆಯಲು ಹೀರುವ ಮತ್ತು ಒತ್ತುವ ಎರಡು ಸ್ಟ್ರೋಕ್ ಸಿಗುತ್ತವೆ. ಡೀಸೆಲ್‌ಗೆ ಆ ಪುರುಸೊತ್ತು ಇಲ್ಲ.

ಪಿಸ್ಟನ್ ಮೇಲೆ ಬಂದಾಗ ಒಳಗಿನ ಗಾಳಿ 40-50 ಬಾರ್‌ಗೆ ಒತ್ತಿಕೊಂಡು 500-600 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಅಲ್ಲಿಗೆ ನಾಜಲ್ ತೂತಿನಿಂದ ಡೀಸೆಲ್ ನುಗ್ಗುತ್ತದೆ. 200 ಬಾರ್‌ನಲ್ಲಿ ತೆರೆದ ಕ್ಷಣಕ್ಕೆ ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 190 ಮೀಟರ್. ಕಾಮನ್ ರೈಲ್‌ನಲ್ಲಿ 1,500 ಬಾರ್ ಇದ್ದರೆ 590 ಮೀಟರ್ ಹತ್ತಿರ ಬರುತ್ತದೆ. ಆ ವೇಗಕ್ಕೆ ದಪ್ಪ ಗಾಳಿ ಉಜ್ಜಿ ಧಾರೆ ಚೂರುಚೂರಾಗುತ್ತದೆ. ಜೊತೆಗೆ ಅದು ಸುತ್ತಲಿನ ಬಿಸಿ ಗಾಳಿಯನ್ನು ಎಳೆದುಕೊಂಡೇ ಮುಂದೆ ಓಡುತ್ತದೆ. ಆ ಎಳೆದುಕೊಳ್ಳುವುದೇ ಇಲ್ಲಿ ಮುಖ್ಯ. ಉಳಿದಿದ್ದು ಅದರ ಹಿಂದೆ ಬರುತ್ತದೆ.

ತೋಟದಮನೆ, ಮೂಡಿಗೆರೆ

ಮೇಡಂ, ಅರ್ಥವಾಯಿತು. ನಾವು ಮಳೆಗೆ ಮುಂಚೆ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವ ಗನ್ ಥರ ಅಲ್ವಾ? ಪ್ರೆಷರ್ ಏರಿಸಿದಷ್ಟೂ ಮಂಜು ನುಣ್ಣಗಾಗುತ್ತದೆ, ದೂರಕ್ಕೂ ಹೋಗುತ್ತದೆ. ಹಾಗಾದರೆ ಪಕ್ಕದ ತೋಟದವರು ಹೇಳಿದ್ದು ಸರಿ ಆಯಿತಲ್ಲ?

ಹಾಸನ ಮೆಕ್ಯಾನಿಕಲ್

ನುಣ್ಣಗಾಗುವವರೆಗೆ ಆ ಹೋಲಿಕೆ ಸರಿ. ಆಮೇಲೆ ದಾರಿ ಬೇರೆ. ಬೋರ್ಡೋ ಹನಿಯಾಗಿಯೇ ಹೋಗಿ ಎಲೆ ಮುಟ್ಟಬೇಕು. ಡೀಸೆಲ್ ಹನಿಯಾಗಿ ಎಲ್ಲೂ ಮುಟ್ಟಬಾರದು. ಪಿಸ್ಟನ್ ಅಥವಾ ಸಿಲಿಂಡರ್‌ನ ಲೈನರ್ ಗೋಡೆ ಮುಟ್ಟುವ ಮೊದಲೇ ಅದು ಆವಿಯಾಗಿ ಮುಗಿದಿರಬೇಕು.

ಇಲ್ಲಿ ಒಂದು ಮಜಾ ಇದೆ. ಹನಿ ರೂಪದಲ್ಲಿ ಡೀಸೆಲ್ ನಾಜಲ್‌ನಿಂದ ಎಷ್ಟು ದೂರ ಉಳಿಯುತ್ತದೆ ಎನ್ನುವುದನ್ನು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಡೆನ್ನಿಸ್ ಸೀಬರ್ಸ್ 1990ರ ದಶಕದ ಕೊನೆಯಲ್ಲಿ ಅಳೆದರು. ಗಾಜಿನ ಕಿಟಕಿ ಇರುವ ಗಟ್ಟಿ ಪೆಟ್ಟಿಗೆ, ಒಳಗೆ ಇಂಜಿನ್‌ನಷ್ಟೇ ಬಿಸಿ ಮತ್ತು ಒತ್ತಡದ ಗಾಳಿ. ಅದರೊಳಗೆ ಸ್ಪ್ರೇ ಬಿಟ್ಟು ಬೆಳಕು ಹಾಯಿಸಿ ಫೋಟೋ ತೆಗೆಯುವುದು. ಅವರಿಗೆ ಕಂಡದ್ದು: ಇಂಜೆಕ್ಷನ್ ಪ್ರೆಷರ್ ಏರಿಸಿದರೂ ಹನಿ ಉಳಿಯುವ ದೂರ ಹೆಚ್ಚುಕಡಿಮೆ ಬದಲಾಗುವುದಿಲ್ಲ. ನಾಜಲ್ ತೂತು ಸಣ್ಣದು ಮಾಡಿದರೆ ಅದೇ ಅಳತೆಯಲ್ಲಿ ಕಡಿಮೆಯಾಗುತ್ತದೆ.

ಯಾಕೆ ಎಂದರೆ, ಪ್ರೆಷರ್ ಏರಿಸಿದಾಗ ಡೀಸೆಲ್ ಜೋರಾಗಿ ಬರುತ್ತದೆ, ಅದು ಎಳೆದುಕೊಳ್ಳುವ ಬಿಸಿ ಗಾಳಿಯೂ ಅಷ್ಟೇ ಜೋರಾಗಿ ಬರುತ್ತದೆ. ಎರಡೂ ಒಟ್ಟಿಗೆ ಏರಿದ್ದರಿಂದ, ಡೀಸೆಲ್ ಆವಿಯಾಗಲು ಬೇಕಾದಷ್ಟು ಬಿಸಿ ಸೇರುವ ಜಾಗ ಅಲ್ಲೇ ಉಳಿಯಿತು. ತೂತಿನ ಕಥೆ ಬೇರೆ. ತೂತಿನ ಅಗಲ ಅರ್ಧ ಮಾಡಿದರೆ ಹೊರಬರುವ ಡೀಸೆಲ್ ಕಾಲು ಭಾಗಕ್ಕೆ ಇಳಿಯುತ್ತದೆ, ಎಳೆದುಕೊಳ್ಳುವ ಗಾಳಿ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಡೀಸೆಲ್ ಪಾಲಿಗೆ ಬಿಸಿ ಗಾಳಿ ಎರಡು ಪಟ್ಟಾಯಿತು, ಹಾಗಾಗಿ ಅರ್ಧ ದೂರದಲ್ಲೇ ಆವಿ. ಹಳೇ ಕಾಲದ 0.25 ಮಿಲಿಮೀಟರ್ ತೂತಿನಲ್ಲಿ ಹನಿ ಎರಡೂವರೆ ಸೆಂಟಿಮೀಟರ್ ಆಸುಪಾಸು ಉಳಿಯುತ್ತಿತ್ತು. ಈಗ ಜಗತ್ತಿನ ಹಲವು ಲ್ಯಾಬ್‌ಗಳು ಒಟ್ಟಾಗಿ ಅಳೆಯುವ 'ಸ್ಪ್ರೇ ಎ' ಎನ್ನುವ ಒಂದು ಗೊತ್ತುಮಾಡಿದ ಪ್ರಯೋಗ ಇದೆ. ತೂತು 0.09 ಮಿಲಿಮೀಟರ್, ಪ್ರೆಷರ್ 1,500 ಬಾರ್, ಗಾಳಿ 900 ಕೆಲ್ವಿನ್, ಅಂದರೆ 630 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅಲ್ಲಿ ಹನಿ ಒಂದು ಸೆಂಟಿಮೀಟರ್‌ನಲ್ಲಿ ಮುಗಿಯುತ್ತದೆ.

ಕಾಮನ್ ರೈಲ್ ಬಂದಮೇಲೆ ಹೊಗೆ ಕಡಿಮೆಯಾಗಿದ್ದು ಬರೀ ಪ್ರೆಷರ್‌ನಿಂದ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅರ್ಧ ಮಾತು ಅದು. ಪ್ರೆಷರ್ ಇದ್ದಿದ್ದರಿಂದ ತೂತು ಸಣ್ಣದು ಮಾಡಲು ಆಯಿತು. ಸಣ್ಣ ತೂತಿನಲ್ಲಿ ಅದೇ ಹೊತ್ತಿನೊಳಗೆ ಅಷ್ಟೇ ಡೀಸೆಲ್ ಹೊರಗೆ ಬರಬೇಕಲ್ಲ, ಪ್ರೆಷರ್ ಬೇಕಾಗಿದ್ದು ಅದಕ್ಕೆ.

ನಾಜಲ್ ಬೆಂಚ್, ಹಾಸನ

ಮೇಡಂ ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಮಾತು. ಪಕ್ಕದ ತೋಟದವರ ಸಲಹೆಯಂತೆ ಇಂಜೆಕ್ಟರ್ ಸ್ಪ್ರಿಂಗ್ ಮೇಲೆ ಶಿಮ್ (ತೆಳು ಬಿಲ್ಲೆ) ಹಾಕಿ ಪ್ರೆಷರ್ 200ರಿಂದ 240ಕ್ಕೆ ಏರಿಸಿದರೆ, ನಾಜಲ್ ತೆರೆಯುವುದು ತಡವಾಗುತ್ತದೆ. ಅಂದರೆ ಟೈಮಿಂಗ್ ಹಿಂದೆ ಬಿತ್ತು. ತಡವಾಗಿ ಬಂದ ಡೀಸೆಲ್‌ಗೆ ಉರಿದು ಮುಗಿಯಲು ಸಮಯ ಕಡಿಮೆ. ಹೊಗೆ ಜಾಸ್ತಿಯಾದರೂ ಆಶ್ಚರ್ಯವಿಲ್ಲ. ಪುಸ್ತಕದಲ್ಲಿ ಎಷ್ಟು ಕೊಟ್ಟಿದ್ದಾರೋ ಅಷ್ಟೇ ಇಡಿ.

ಘಾಟಿ ಜೀಪ್, ಚಿಕ್ಕಮಗಳೂರು

ನನ್ನದೂ ಒಂದು ಡೌಟು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಬಾಡಿಗೆ ಹೊಡೆಯುವವನು ನಾನು. ಮೊದಲು ಟರ್ಬೊ ಇಲ್ಲದ ಹಳೇ ಜೀಪ್ ಇತ್ತು. ಕೆಳಗೆ ಊರಲ್ಲಿ ಹೊಗೆ ಇಲ್ಲ, ಸೀತಾಳಯ್ಯನಗಿರಿ ದಾಟಿದ ಮೇಲೆ ಕಪ್ಪು ಹೊಗೆ. ಹಿಂದಿನ ಕಾರಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಏರು ಅಂತ ಆಕ್ಸಿಲರೇಟರ್ ಒತ್ತುತ್ತೇವೆ, ಅದಕ್ಕೆ ಹೊಗೆ ಎಂದುಕೊಂಡಿದ್ದೆ. ಆದರೆ ಶಿರಾಡಿ ಘಾಟಿಯಲ್ಲಿ ಅಷ್ಟೇ ಏರು, ಅಲ್ಲಿ ಅಷ್ಟು ಹೊಗೆ ಇರುತ್ತಿರಲಿಲ್ಲ.

ಹಾಸನ ಮೆಕ್ಯಾನಿಕಲ್

ಏರು ಒಂದು ಕಾರಣ, ಎತ್ತರ ಇನ್ನೊಂದು. ಚಿಕ್ಕಮಗಳೂರು ಊರೇ ಸಮುದ್ರ ಮಟ್ಟದಿಂದ 1,000 ಮೀಟರ್ ಮೇಲಿದೆ. ಮಂಗಳೂರಿಗೆ ಹೋಲಿಸಿದರೆ ಗಾಳಿ ಸುಮಾರು ಶೇ. 10ರಷ್ಟು ತೆಳು. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ, ಅಲ್ಲಿ ಶೇ. 17ರ ಹತ್ತಿರ ತೆಳು. ಹಳೇ ಮೆಕ್ಯಾನಿಕಲ್ ಪಂಪಿಗೆ ಇದು ಗೊತ್ತೇ ಆಗುವುದಿಲ್ಲ. ಶಿರಾಡಿ ಬುಡದ ಗುಂಡ್ಯದಲ್ಲಿ ಎಷ್ಟು ಡೀಸೆಲ್ ಕೊಡುತ್ತದೋ ಗಿರಿಯ ಮೇಲೂ ಅಷ್ಟೇ ಕೊಡುತ್ತದೆ. ಸಿಲಿಂಡರ್‌ನಲ್ಲಿ ಗಾಳಿ ಕಡಿಮೆ, ಡೀಸೆಲ್ ಅಷ್ಟೇ. ಅದರ ಮೇಲೆ, ಗಾಳಿ ತೆಳುವಾದರೆ ಸ್ಪ್ರೇ ಅಗಲ ಹರಡದೆ ಉದ್ದಕ್ಕೆ ನುಗ್ಗುತ್ತದೆ, ಹೋಗುವ ದಾರಿಯಲ್ಲಿ ಎಳೆದುಕೊಳ್ಳುವ ಗಾಳಿಯೂ ಕಡಿಮೆ. ಎರಡೂ ಕಡೆಯಿಂದ ಪೆಟ್ಟು. ಶಿರಾಡಿಯಲ್ಲಿ ನೀವು ಹತ್ತಿ ಮುಗಿಸುವ ಹೊತ್ತಿಗೆ ಸಕಲೇಶಪುರದ ಎತ್ತರ, ಗಿರಿಯ ಅರ್ಧಕ್ಕೆ ಬಂದಿರುತ್ತೀರಿ ಅಷ್ಟೇ.

ಟರ್ಬೊ ಇದ್ದರೆ ಅದು ಗಾಳಿಯನ್ನು ಒತ್ತಿ ತುಂಬುತ್ತದೆ, ತೊಂದರೆ ಬಹಳಷ್ಟು ತಪ್ಪುತ್ತದೆ. ಈಗಿನ ಗಾಡಿಯಲ್ಲಿ ಇಸಿಯು (ಇಂಜಿನ್‌ನ ಕಂಪ್ಯೂಟರ್) ಗಾಳಿ ಅಳೆದು ಡೀಸೆಲ್ ಕಡಿಮೆ ಮಾಡುತ್ತದೆ.

ಸುಮ್ನೆ ಓದುಗ

ಸರಿ, ಗಾಳಿ ಕಡಿಮೆ ಆದರೆ ಹೊಗೆ. ಇದನ್ನೇ ಅಲ್ವಾ ನಾನೂ ಹೇಳಿದ್ದು? ಗಾಳಿಗಿಂತ ಡೀಸೆಲ್ ಜಾಸ್ತಿ ಆದರೆ ಹೊಗೆ. ಡೀಸೆಲ್ ಕಡಿಮೆ ಮಾಡಿ.

ಹಾಸನ ಮೆಕ್ಯಾನಿಕಲ್

ಒಟ್ಟು ಗಾಳಿ ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಅದು ಯಾವಾಗ ಸೇರಿತು ಎಂಬುದು ಇನ್ನೊಂದು. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಸಾಕು. ಗೌಡರ ಇಂಜಿನ್‌ನಲ್ಲಿ ಪೂರ್ತಿ ಲೋಡಿನಲ್ಲೂ ಅದಕ್ಕಿಂತ ಒಂದೂವರೆ ಪಟ್ಟು ಗಾಳಿ ಸಿಲಿಂಡರ್‌ನಲ್ಲಿ ಇದ್ದೇ ಇರುತ್ತದೆ. ಒಟ್ಟಾರೆ ನೋಡಿದರೆ ಡೀಸೆಲ್ ಇಂಜಿನ್‌ಗೆ ಗಾಳಿ ಬರ ಬರಲೇಬಾರದು. ಆದರೂ ಹೊಗೆ ಯಾಕೆ ಬರುತ್ತದೆ?

1997ರಲ್ಲಿ ಅದೇ ಸ್ಯಾಂಡಿಯಾದ ಜಾನ್ ಡೆಕ್, ಕಿಟಕಿ ಇರುವ ಇಂಜಿನ್‌ನಲ್ಲಿ ಲೇಸರ್ ಹಾಯಿಸಿ ತೆಗೆದ ಚಿತ್ರಗಳನ್ನು ಸೇರಿಸಿ ಒಂದು ನಕ್ಷೆ ಕೊಟ್ಟರು. ಅದಕ್ಕೆ ಮುಂಚೆ ಬಹಳ ಜನ ತಿಳಿದಿದ್ದು ಪ್ರತಿ ಹನಿಯ ಸುತ್ತ ಒಂದು ಸಣ್ಣ ಬೆಂಕಿ ಹೊತ್ತಿ ಉರಿಯುತ್ತದೆ ಎಂದು. ಡೆಕ್ ಚಿತ್ರಗಳಲ್ಲಿ ಕಂಡದ್ದು ಹಾಗಿಲ್ಲ. ಹನಿ ನಾಜಲ್ ಹತ್ತಿರವೇ ಮುಗಿಯುತ್ತದೆ. ಮುಂದೆ ಇರುವುದೆಲ್ಲ ಆವಿ ಮತ್ತು ಬಿಸಿ ಗಾಳಿ ಬೆರೆತ ಮೋಡ. ಆ ಮೋಡ ಮೊದಲು ತನ್ನೊಳಗೇ ಅರೆಬರೆ ಉರಿಯುತ್ತದೆ, ಯಾಕೆಂದರೆ ಅಲ್ಲಿ ಬೇಕಾದ ಗಾಳಿಯ ಕಾಲು ಭಾಗದಿಂದ ಅರ್ಧ ಭಾಗ ಮಾತ್ರ ಇರುತ್ತದೆ. ಮಸಿ ಹುಟ್ಟುವುದು ಅಲ್ಲಿ. ಮೋಡದ ಹೊರ ಅಂಚಿನಲ್ಲಿ ತೆಳ್ಳಗೆ ಇನ್ನೊಂದು ಬೆಂಕಿ. ಅಲ್ಲಿಗೆ ಹೊರಗಿನ ಗಾಳಿ ಸಿಗುತ್ತದೆ, ಬಿಸಿ 2,700 ಕೆಲ್ವಿನ್ ಹತ್ತಿರ ಹೋಗುತ್ತದೆ. ಒಳಗೆ ಹುಟ್ಟಿದ ಮಸಿಯ ಬಹುಪಾಲು ಆ ಅಂಚಿಗೆ ಬಂದು ಸುಟ್ಟು ಹೋಗುತ್ತದೆ. ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಹುಟ್ಟುವುದೂ ಅದೇ ಅಂಚಿನ ಬಿಸಿಯಲ್ಲಿ.

ನಮಗೆ ಕಾಣುವ ಹೊಗೆ ಎಂದರೆ ಸುಡದೆ ತಪ್ಪಿಸಿಕೊಂಡ ಮಸಿ.

ಬೆಂಕಿ ನಾಜಲ್‌ಗೆ ಅಂಟಿಕೊಂಡು ಉರಿಯುವುದಿಲ್ಲ. ಸ್ವಲ್ಪ ದೂರ ಬಿಟ್ಟು ನಿಲ್ಲುತ್ತದೆ. ಆ ಖಾಲಿ ದೂರದಲ್ಲಿ ಎಷ್ಟು ಗಾಳಿ ಸೇರಿತೋ ಅದೇ ಮಸಿಯ ಹಣೆಬರಹ ಬರೆಯುತ್ತದೆ. ಬೇಕಾದ ಗಾಳಿಯ ಸುಮಾರು ಅರ್ಧ ಬೆಂಕಿಗೆ ಮೊದಲೇ ಸೇರಿಬಿಟ್ಟರೆ ಆ ಧಾರೆಯಲ್ಲಿ ಮಸಿ ಹುಟ್ಟುವುದೇ ಇಲ್ಲ ಎಂದು ಲೈಲ್ ಪಿಕೆಟ್ ಮತ್ತು ಸೀಬರ್ಸ್ 2004ರಲ್ಲಿ ತೋರಿಸಿದರು. ಪೂರ್ತಿ ಬೇಡ, ಅರ್ಧ ಸಾಕು. ಇಂಜಿನ್ ಮಾಡುವವರು ಪ್ರೆಷರ್, ತೂತು, ಬೌಲ್ (ಪಿಸ್ಟನ್ ತಲೆಯಲ್ಲಿ ಕೊರೆದ ಬಟ್ಟಲು) ಎಂದು ಒದ್ದಾಡುವುದೆಲ್ಲ ಆ ಅರ್ಧಕ್ಕಾಗಿ.

ಘಾಟಿ ಜೀಪ್, ಚಿಕ್ಕಮಗಳೂರು

ಹಾಗಾದರೆ ಹಳೇ ಕಾಲದಲ್ಲಿ ಪ್ರೆಷರೂ ಇಲ್ಲ, ಸಣ್ಣ ತೂತೂ ಇಲ್ಲ, ಹೇಗೆ ಓಡುತ್ತಿದ್ದವು? ಎಂಡಿಐ ಇಂಜಿನ್ ಬರುವ ಮುಂಚಿನ ಎಕ್ಸ್‌ಡಿಪಿ ಜೀಪು ಹೊಗೆ ಅಷ್ಟು ಬಿಡುತ್ತಿರಲಿಲ್ಲ. ಸದ್ದೂ ಮೆತ್ತಗೆ. ಆದರೆ ಬೆಳಗ್ಗೆ ಚಳಿಗೆ ಸ್ಟಾರ್ಟ್ ಆಗಲು ಹೀಟರ್ ಇಲ್ಲದೆ ಆಗುತ್ತಿರಲಿಲ್ಲ.

ನಾಜಲ್ ಬೆಂಚ್, ಹಾಸನ

ಎಕ್ಸ್‌ಡಿಪಿ ಪೂಜೋ ವಿನ್ಯಾಸ. ಅದು ಇನ್‌ಡೈರೆಕ್ಟ್ ಇಂಜೆಕ್ಷನ್. ಹೆಡ್‌ನಲ್ಲಿ ಒಂದು ಸಣ್ಣ ಗುಂಡು ಕೋಣೆ ಇರುತ್ತದೆ, ಡೀಸೆಲ್ ಅಲ್ಲಿಗೆ ಬೀಳುತ್ತದೆ. ಪಿಸ್ಟನ್ ಮೇಲೆ ಬರುವಾಗ ಗಾಳಿ ಕಿರಿದಾದ ದಾರಿಯಲ್ಲಿ ಆ ಕೋಣೆಗೆ ನುಗ್ಗಿ ಸುಂಟರಗಾಳಿಯಂತೆ ಗಿರಗಿರ ತಿರುಗುತ್ತದೆ. ಬೆರೆಸುವ ಕೆಲಸ ಗಾಳಿಯದ್ದು, ನಾಜಲ್‌ನದ್ದಲ್ಲ. ಹಾಗಾಗಿ ನಾಜಲ್‌ಗೆ ಒಂದೇ ತೂತು, 120-130 ಬಾರ್ ಸಾಕು, ಸ್ವಲ್ಪ ಕೆಟ್ಟರೂ ನಡೆಯುತ್ತದೆ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ 1930ರ ದಶಕದಲ್ಲಿ ಮಾಡಿದ ಕಾಮೆಟ್ ಕೋಣೆಯ ವಂಶ ಅದು. ಆದರೆ ಕೋಣೆಯ ಗೋಡೆಗೆ ಬಿಸಿ ಕಳೆದುಹೋಗುತ್ತದೆ. ಅದಕ್ಕೇ ಚಳಿಗೆ ಹೀಟರ್ ಪ್ಲಗ್, ಅದಕ್ಕೇ ಡೀಸೆಲ್ ಜಾಸ್ತಿ ಕುಡಿಯುತ್ತಿದ್ದುದು.

ಡೈರೆಕ್ಟ್‌ಗೆ ಬಂದಮೇಲೆ ಜವಾಬ್ದಾರಿ ನಾಜಲ್ ಮೇಲೆ ಬಿತ್ತು. ನಾಜಲ್ ತೂತಿನ ಕೋನ, ಪಿಸ್ಟನ್ ಬೌಲ್‌ನ ಆಕಾರ, ನಾಜಲ್ ತುದಿ ಎಷ್ಟು ಕೆಳಗೆ ಚಾಚಿದೆ, ಮೂರೂ ಕೂಡಬೇಕು. ಒಂದು ಮಿಲಿಮೀಟರ್ ಆಚೀಚೆ ಆದರೂ ಆಟ ಕೆಡುತ್ತದೆ.

ತೋಟದಮನೆ, ಮೂಡಿಗೆರೆ

ನಟ್ ಸಡಿಲಿಸಿ ನೋಡಿದೆವು. ಎರಡನೇ ಸಿಲಿಂಡರ್! ಅದನ್ನು ನಿಲ್ಲಿಸಿದ ಕೂಡಲೇ ಹೊಗೆ ಮುಕ್ಕಾಲು ಪಾಲು ಹೋಯಿತು. ಮೊದಲನೆಯದನ್ನು ನಿಲ್ಲಿಸಿದರೆ ಹೊಗೆ ಇನ್ನೂ ಜಾಸ್ತಿ. ಹೊಸ ನಾಜಲ್ಲೇ ಕೆಟ್ಟದ್ದು ಕೊಟ್ಟರಾ ಹಾಗಾದರೆ?

ನಾಜಲ್ ಬೆಂಚ್, ಹಾಸನ

ಇರಬಹುದು, ಇಲ್ಲದಿರಬಹುದು. ಇಂಜೆಕ್ಟರ್ ಬಿಚ್ಚಿ ಹತ್ತಿರದ ಯಾರದ್ದಾದರೂ ಹ್ಯಾಂಡ್ ಟೆಸ್ಟರ್ ಮೇಲೆ ಕೂರಿಸಿ. ನೋಡಬೇಕಾದ್ದು ಹೇಳುತ್ತೇನೆ. ಲಿವರ್ ನಿಧಾನಕ್ಕೆ ಒತ್ತಿದಾಗ ಕಿರ್ರ್ ಕಿರ್ರ್ ಎಂದು ಸದ್ದು ಬರಬೇಕು, ಸೂಜಿ ಸಲೀಸಾಗಿ ಆಡುತ್ತಿದೆ ಎಂದು ಅರ್ಥ. ಎಷ್ಟು ತೂತಿದೆಯೋ ಅಷ್ಟೂ ಕಡೆ ಒಂದೇ ಅಳತೆಯ ಮಂಜು ಬರಬೇಕು. ಕೆಳಗೆ ಬಿಳಿ ಕಾಗದ ಹಿಡಿದರೆ ಕಲೆ ಎಷ್ಟು ಬಿತ್ತು ಎಂದು ಎಣಿಸಬಹುದು. ಕಾಗದವನ್ನೂ ಕೈಯಲ್ಲಿ ಹಿಡಿಯಬೇಡಿ, ಸ್ಟ್ಯಾಂಡಿಗೆ ಸಿಕ್ಕಿಸಿ. ಆಮೇಲೆ ತೆರೆಯುವ ಪ್ರೆಷರ್‌ಗಿಂತ 20 ಬಾರ್ ಕಡಿಮೆಯಲ್ಲಿ ಹತ್ತು ಸೆಕೆಂಡ್ ನಿಲ್ಲಿಸಿ. ತುದಿ ಒಣಗಿರಬೇಕು, ಹನಿ ಜಿನುಗಬಾರದು. ಜಿನುಗುವ ನಾಜಲ್ ಇಂಜೆಕ್ಷನ್ ಮುಗಿದ ಮೇಲೂ ದಪ್ಪ ಹನಿ ಬಿಡುತ್ತದೆ. ಆ ಹನಿಗೆ ವೇಗವಿಲ್ಲ, ಗಾಳಿ ಎಳೆಯುವ ಶಕ್ತಿಯೂ ಇಲ್ಲ. ಅದು ಹಾಗೇ ಸುಟ್ಟು ಮಸಿಯಾಗಿ ತುದಿಗೆ ಅಂಟಿಕೊಳ್ಳುತ್ತದೆ, ಇಲ್ಲವೇ ಹೊಗೆಯಾಗಿ ಹೋಗುತ್ತದೆ.

ಬಿಚ್ಚಿದಾಗ ಹೆಡ್‌ನಲ್ಲಿ ಇಂಜೆಕ್ಟರ್ ಕೂರುವ ಗುಂಡಿಯೊಳಗೆ ಟಾರ್ಚ್ ಹಾಕಿ ತಾಮ್ರದ ವಾಷರ್ ನೋಡಿ. ಇದನ್ನು ಮಾತ್ರ ಮರೆಯಬೇಡಿ.

ಅರಸೀಕೆರೆ ಹೊಂಗೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಬಯಲುಸೀಮೆ ಕಡೆ ಹೊಂಗೆ ಮರ ಬೇಕಾದಷ್ಟಿದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ಗಾಣದಲ್ಲಿ ತೆಗೆದ ಹೊಂಗೆ ಎಣ್ಣೆಯನ್ನು ಸೀದಾ ಪಂಪ್‌ಸೆಟ್‌ಗೆ ಹಾಕಿದರೆ ಸ್ಪ್ರೇ ಹೇಗಿರುತ್ತದೆ? 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಲ್ಲಿ ಡೀಸೆಲ್ ಇಂಜಿನ್ ಓಡಿಸಿದ್ದರು ಎಂದು ಓದಿದ್ದೇನೆ.

ಹಾಸನ ಮೆಕ್ಯಾನಿಕಲ್

ಓಡಿಸಿದ್ದು ನಿಜ. ಆದರೆ ಆ ಕಾಲದ ಇಂಜಿನ್‌ನಲ್ಲಿ ಇಂಧನವನ್ನು ಒತ್ತಿದ ಗಾಳಿಯ ಜೊತೆಗೇ ಊದಿ ಒಳಗೆ ಕಳಿಸುತ್ತಿದ್ದರು. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್ ಹಾಗೇ ಇದ್ದದ್ದು. ದಪ್ಪ ಎಣ್ಣೆಯನ್ನೂ ಆ ಗಾಳಿ ಚೆದುರಿಸುತ್ತಿತ್ತು. ಅದಕ್ಕೆ ದೊಡ್ಡ ಕಂಪ್ರೆಸರ್ ಬೇಕಿತ್ತು, ಗಾಡಿಗೆ ಆಗುವ ಮಾತಲ್ಲ. 1927ರಲ್ಲಿ ಬಾಷ್ ಪಂಪುಗಳು ಹೆಚ್ಚಿನ ಸಂಖ್ಯೆಯಲ್ಲಿ ತಯಾರಾಗಲು ಶುರುವಾದ ಮೇಲೆ ಗಾಳಿ ಊದುವುದು ಹಿಂದೆ ಸರಿಯಿತು.

ಈಗಿನ ನಾಜಲ್‌ಗೆ ಹಸಿ ಹೊಂಗೆ ಎಣ್ಣೆ ಕಷ್ಟ. ನಮ್ಮ ಡೀಸೆಲ್ 40 ಡಿಗ್ರಿಯಲ್ಲಿ 2ರಿಂದ 4.5 ಸೆಂಟಿಸ್ಟೋಕ್ ದಪ್ಪ ಇರಬೇಕು ಎನ್ನುವುದು ನಿಯಮ. ಹಸಿ ಹೊಂಗೆ ಎಣ್ಣೆ ಅದರ ಹತ್ತು ಪಟ್ಟು ಆಸುಪಾಸು. ಧಾರೆ ಒಡೆಯುವುದಿಲ್ಲ, ಹನಿ ದಪ್ಪ, ಸ್ಪ್ರೇ ಕಿರಿದಾಗಿ ಉದ್ದಕ್ಕೆ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಅದರ ಮೇಲೆ ಅದು ಬೇಗ ಆವಿಯಾಗುವ ವಸ್ತುವೂ ಅಲ್ಲ. ಕೆಲವು ದಿನ ಓಡಿ ಆಮೇಲೆ ನಾಜಲ್ ತುದಿಯಲ್ಲಿ ಇದ್ದಿಲು ಕಟ್ಟುತ್ತದೆ, ರಿಂಗ್ ಹಿಡಿದುಕೊಳ್ಳುತ್ತದೆ. ಅದನ್ನೇ ಮೆಥನಾಲ್ ಜೊತೆ ಕ್ರಿಯೆ ಮಾಡಿಸಿ ಬಯೋಡೀಸೆಲ್ ಮಾಡಿದರೆ ದಪ್ಪ 5ರ ಹತ್ತಿರಕ್ಕೆ ಇಳಿಯುತ್ತದೆ. ಆಗ ಲಾಭವೂ ಇದೆ. ಬಯೋಡೀಸೆಲ್ ತೂಕದಲ್ಲಿ ಶೇ. 11ರ ಹತ್ತಿರ ಆಮ್ಲಜನಕ ಅದರೊಳಗೇ ಇರುತ್ತದೆ. ನಾನು ಮೇಲೆ ಹೇಳಿದ ಆ ಅರ್ಧ ಗಾಳಿಯ ಲೆಕ್ಕದಲ್ಲಿ ಸ್ವಲ್ಪ ಮನೆಯಿಂದಲೇ ತಂದಂತೆ. ಹಾಗಾಗಿ ಮಸಿ ಕಡಿಮೆ.

ತೋಟದಮನೆ, ಮೂಡಿಗೆರೆ

ನಾಜಲ್ ಬೆಂಚ್ ಅಣ್ಣ, ನಿಮ್ಮ ಮಾತು ನಿಜವಾಯಿತು. ಟೆಸ್ಟರ್ ಮೇಲೆ ನಾಜಲ್ ಚೆನ್ನಾಗಿದೆ. ನಾಲ್ಕು ತೂತು, ನಾಲ್ಕು ಕಲೆ, ತುದಿ ಒಣಗಿದೆ, ಪ್ರೆಷರ್ 200. ಆದರೆ ಗುಂಡಿಯೊಳಗೆ ಹಳೇ ತಾಮ್ರದ ವಾಷರ್ ಕೂತಿತ್ತು! ಇದ್ದಿಲು ಹಿಡಿದು ಹೆಡ್‌ನ ಬಣ್ಣಕ್ಕೇ ತಿರುಗಿತ್ತು. ಹಾಕಿದವರು ಅದನ್ನು ಕಾಣದೆ ಮೇಲೆ ಹೊಸದೊಂದು ಹಾಕಿದ್ದಾರೆ. ಎರಡು ವಾಷರ್. ಒಂದು ಕಡ್ಡಿಗೆ ಗ್ರೀಸ್ ಮೆತ್ತಿ ನೋಡಿದೆವು, ಬರಲಿಲ್ಲ. ಕೊನೆಗೆ ಮೊನೆ ಟ್ಯಾಪ್ ತಿರುಗಿಸಿ ಎಳೆದು ತೆಗೆದದ್ದು.

ನಾಜಲ್ ಬೆಂಚ್, ಹಾಸನ

ನೋಡಿ, ಇದೇ. ಒಂದು ವಾಷರ್ ದಪ್ಪಕ್ಕೆ ನಾಜಲ್ ತುದಿ ಮೇಲೆ ಸರಿಯಿತು. ನಾಲ್ಕು ಧಾರೆಗಳೂ ಬೌಲ್‌ನೊಳಗೆ ಬೀಳುವ ಬದಲು ಬೌಲ್‌ನ ತುಟಿಗೆ ಬಡಿದವು. ಅರ್ಧ ಡೀಸೆಲ್ ಪಿಸ್ಟನ್ ತಲೆಯ ಮೇಲಿನ ಇಕ್ಕಟ್ಟು ಸಂದಿಗೆ ಹೋಯಿತು. ಅಲ್ಲಿ ಗಾಳಿ ಕಡಿಮೆ, ಗೋಡೆ ತಣ್ಣಗೆ. ಬೌಲ್‌ನೊಳಗೆ ತಿರುಗುತ್ತಿದ್ದ ಗಾಳಿ ಸುಮ್ನೆ ತಿರುಗಿಕೊಂಡೇ ಇತ್ತು. ಕಡಿಮೆ ಲೋಡಿನಲ್ಲಿ ಡೀಸೆಲ್ ಕಡಿಮೆ, ಹೇಗೋ ಉರಿದು ಹೋಗುತ್ತದೆ. ಲೋಡ್ ಬಿದ್ದಾಗ ಬಯಲಾಗುತ್ತದೆ. ಓದುಗ ಸರ್, ಪಂಪ್ ಕಡಿಮೆ ಮಾಡಿದ್ದರೆ ಹೊಗೆ ಮುಚ್ಚಿಕೊಳ್ಳುತ್ತಿತ್ತು, ಧಾರೆ ಮಾತ್ರ ಅಲ್ಲೇ ಬಡಿಯುತ್ತಿತ್ತು.

ಗೌಡ್ರೇ, ಜೋಡಿಸುವಾಗ ಒಂದೇ ಹೊಸ ವಾಷರ್, ಪುಸ್ತಕದಲ್ಲಿ ಹೇಳಿದ ದಪ್ಪದ್ದು. ಗುಂಡಿಯ ಕೂರುವ ಜಾಗ ಕೆರೆದು ಒರೆಸಿ. ಎರಡೂ ಕ್ಲ್ಯಾಂಪ್ ನಟ್ ಸರದಿಯಲ್ಲಿ ಸಮನಾಗಿ ಬಿಗಿ ಮಾಡಿ, ಇಲ್ಲದಿದ್ದರೆ ಇಂಜೆಕ್ಟರ್ ವಾಲುತ್ತದೆ. ಎಂಜಿನ್ ಆಯಿಲ್ ಕೂಡ ಬದಲಿಸಿ. ಅಷ್ಟು ದಿನ ಗೋಡೆಗೆ ಬಡಿದ ಡೀಸೆಲ್ ಒಂದಷ್ಟು ರಿಂಗ್ ದಾಟಿ ಕೆಳಗೆ ಹೋಗಿರುತ್ತದೆ.

ಸುಮ್ನೆ ಓದುಗ

ವಾಷರ್ ವಿಷಯ ಒಪ್ಪಿದೆ. ಆದರೂ ಒಂದು ಕೇಳುತ್ತೇನೆ ಮೇಡಂ. ಇಷ್ಟೆಲ್ಲಾ ಗೊತ್ತಿದ್ದ ಮೇಲೆ ಮಸಿಯೇ ಹುಟ್ಟದ ಇಂಜಿನ್ ಯಾಕೆ ಮಾಡಿಲ್ಲ? ಕೊನೆಗೆ ಸೈಲೆನ್ಸರ್‌ನಲ್ಲಿ ಫಿಲ್ಟರ್ ಇಟ್ಟು ಮಸಿ ಹಿಡಿಯುತ್ತಿದ್ದಾರಲ್ಲ.

ಹಾಸನ ಮೆಕ್ಯಾನಿಕಲ್

ಪ್ರಯತ್ನ ನಡೆದಿದೆ. ತೊಡಕು ಏನೆಂದರೆ, ಚೆನ್ನಾಗಿ ಬೆರೆತು ಬಿಸಿಯಾಗಿ ಉರಿದರೆ ಮಸಿ ಕಡಿಮೆ, ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಅದನ್ನು ತಗ್ಗಿಸಲು ಹೊಗೆಯ ಸ್ವಲ್ಪ ಪಾಲನ್ನು ಮತ್ತೆ ಒಳಗೆ ಬಿಟ್ಟರೆ ಆಮ್ಲಜನಕ ಕಡಿಮೆಯಾಗಿ ಮಸಿ ಮತ್ತೆ ಏರುತ್ತದೆ. ಅದಕ್ಕೇ 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದಾಗ ಡೀಸೆಲ್ ಗಾಡಿಗಳಿಗೆ ಡಿಪಿಎಫ್, ಅಂದರೆ ನೀವು ಹೇಳಿದ ಆ ಮಸಿ ಫಿಲ್ಟರ್, ಬೇಕೇಬೇಕಾಯಿತು. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗಳಿಗೂ 2023ರ ಜನವರಿಯಿಂದ ನಿಯಮ ಬಿಗಿಯಾಗಿದೆ, ಅವೂ ಹೆಚ್ಚಾಗಿ ಕಾಮನ್ ರೈಲ್ ಕಡೆ ಬಂದಿವೆ.

ನನಗೆ ಇಷ್ಟವಾದ ಒಂದು ದಾರಿ ಇದೆ. ಸ್ಯಾಂಡಿಯಾದ ಚಾರ್ಲ್ಸ್ ಮುಲ್ಲರ್ ಮತ್ತು ಜೊತೆಯವರು ನಾಜಲ್‌ನ ಪ್ರತಿ ತೂತಿನ ಎದುರಿಗೂ, ಸ್ವಲ್ಪ ಜಾಗ ಬಿಟ್ಟು, ಒಂದೊಂದು ಸಣ್ಣ ಕೊಳವೆ ಇಟ್ಟರು. ಧಾರೆ ಆ ಕೊಳವೆಯೊಳಗೆ ಹಾದು ಹೋಗುತ್ತದೆ, ಹೋಗುವಾಗ ಹಿಂದಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಕೊಳವೆಯೊಳಗೆ ಬೆಂಕಿ ಹೊತ್ತದೆ ಚೆನ್ನಾಗಿ ಬೆರೆಯುತ್ತದೆ, ಹೊರಗೆ ಬಂದು ಉರಿಯುತ್ತದೆ. ಮಸಿ ಬಹಳ ಕಡಿಮೆಯಾಯಿತು. ಮಸಿ ಕಡಿಮೆಯಾದ್ದರಿಂದ ಹೊಗೆಯನ್ನು ಧೈರ್ಯವಾಗಿ ಮತ್ತೆ ಒಳಗೆ ಬಿಟ್ಟು ನೈಟ್ರೋಜನ್ ಆಕ್ಸೈಡನ್ನೂ ಇಳಿಸಬಹುದು. ಆದರೆ ಪ್ರತಿ ಸಲ ಪಿಸ್ಟನ್ ಮೇಲೆ ಬರುವ ಜಾಗದಲ್ಲಿ, ಅಷ್ಟು ಬಿಸಿಯಲ್ಲಿ, ಕೂದಲೆಳೆ ಸರಿಯದೆ ಆ ಕೊಳವೆಗಳು ವರ್ಷಗಟ್ಟಲೆ ನಿಲ್ಲಬೇಕು. ಸುಲಭವಲ್ಲ.

ಘಾಟಿ ಜೀಪ್, ಚಿಕ್ಕಮಗಳೂರು

ಮೇಡಂ ಡಿಪಿಎಫ್ ಅಂದಿದ್ದಕ್ಕೆ ನೆನಪಾಯಿತು. ನನ್ನ ಈಗಿನ ಗಾಡಿ ಬಿಎಸ್-6. ಬೆಳಗ್ಗೆ ಊರಿಂದ ಗಿರಿಗೆ, ಸಂಜೆ ವಾಪಸ್, ಎಲ್ಲಾ ಸೆಕೆಂಡ್ ಥರ್ಡ್ ಗೇರಲ್ಲೇ. ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಡಿಪ್‌ಸ್ಟಿಕ್‌ನಲ್ಲಿ ಏರುತ್ತಿದೆ! ಯಾರಾದರೂ ನಂಬುತ್ತಾರಾ? ಮೇಲಿನ ಗೆರೆ ದಾಟಿದೆ. ಮೂಸಿದರೆ ಡೀಸೆಲ್ ವಾಸನೆ.

ನಾಜಲ್ ಬೆಂಚ್, ಹಾಸನ

ನಂಬುತ್ತೇನೆ, ವಾರಕ್ಕೊಂದು ಬರುತ್ತದೆ ಇಂಥದ್ದು. ಡಿಪಿಎಫ್‌ನಲ್ಲಿ ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟುಕೊಳ್ಳುತ್ತದೆ. ಸುಡಲು ಸೈಲೆನ್ಸರ್ ಬಿಸಿಯಾಗಬೇಕು. ಅದಕ್ಕೆ ಪಿಸ್ಟನ್ ಕೆಳಗೆ ಇಳಿಯುತ್ತಿರುವಾಗ ಇನ್ನೊಂದು ಸಣ್ಣ ಹೊಡೆತ ಡೀಸೆಲ್ ಬಿಡುತ್ತದೆ. ಮೇಡಂ ಮೇಲೆ ಹೇಳಿದ್ದನ್ನು ಇಲ್ಲಿಗೆ ಹಚ್ಚಿ ನೋಡಿ. ಆ ಹೊತ್ತಿಗೆ ಒಳಗಿನ ಗಾಳಿ ತೆಳುವಾಗಿರುತ್ತದೆ, ಬಿಸಿಯೂ ಇಳಿದಿರುತ್ತದೆ. ಹನಿ ಬೇಗ ಆವಿಯಾಗುವುದಿಲ್ಲ, ದೂರ ಹೋಗುತ್ತದೆ. ಎದುರಿಗೆ ಬೌಲ್ ಇಲ್ಲ, ಬರೀ ಲೈನರ್ ಗೋಡೆ. ಗೋಡೆಗೆ ಬಡಿದು ರಿಂಗ್ ದಾಟಿ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ನಿಮ್ಮ ಓಡಾಟದಲ್ಲಿ ಸುಡುವ ಕೆಲಸ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ, ನೀವು ಗಿರಿಯ ಪಾರ್ಕಿಂಗ್‌ನಲ್ಲಿ ಕೀ ತಿರುಗಿಸಿಬಿಡುತ್ತೀರಿ. ನಾಳೆ ಮತ್ತೆ ಮೊದಲಿಂದ. ಹಾಗಾಗಿ ಡೀಸೆಲ್ ಇಳಿಯುತ್ತಲೇ ಇರುತ್ತದೆ.

ಮೇಲಿನ ಗೆರೆ ದಾಟಿದ್ದರೆ ಇವತ್ತೇ ಆಯಿಲ್ ಬದಲಿಸಿ, ಕಿಲೋಮೀಟರ್ ಲೆಕ್ಕ ನೋಡಬೇಡಿ. ತೆಳುವಾದ ಆಯಿಲ್‌ನಲ್ಲಿ ಘಾಟಿ ಹತ್ತಿಸಿದರೆ ಬೇರಿಂಗ್ ಹೋಗುತ್ತದೆ. ಡಿಪಿಎಫ್‌ಗೆ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಹಾಕಿ. ಆಮೇಲೆ ವಾರಕ್ಕೊಮ್ಮೆ ಬಯಲು ರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಿಸಿ. ಸುಡುವುದು ಮುಗಿಯುವವರೆಗೆ ಆಫ್ ಮಾಡಬೇಡಿ.

ಘಾಟಿ ಜೀಪ್, ಚಿಕ್ಕಮಗಳೂರು

ಕಡೂರು ರೈಲ್ವೆ ಸ್ಟೇಷನ್‌ಗೆ ಭಾನುವಾರ ಪಾರ್ಟಿ ಬಿಡಲು ಹೋಗುತ್ತೇನೆ. ಆ ರಸ್ತೆ ಆಗುತ್ತದಾ?

ನಾಜಲ್ ಬೆಂಚ್, ಹಾಸನ

ಧಾರಾಳವಾಗಿ. ಸಖರಾಯಪಟ್ಟಣದಲ್ಲಿ ಟೀಗೆ ಮಾತ್ರ ನಿಲ್ಲಿಸಬೇಡಿ, ಕಡೂರಲ್ಲೇ ಕುಡಿಯಿರಿ.